ಮೊದಲ ತುತ್ತು ಕಾಳಿನದಾಗಲಿ

ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ತಾಲ್ಲೂಕುಗಳು ಸರ್ಕಾರಿ ಲೆಕ್ಕದಲ್ಲಿ ಕಾರವಾರ ಕೇಂದ್ರವಾದ ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದರೂ, ದೊಡ್ಡ ಚಿಕಿತ್ಸೆ ಎಂದ ಕೂಡಲೇ ಇಲ್ಲಿಯವರು ಮುಖ ಮಾಡುವುದು ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಡೆಗೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯೂ ಅದಕ್ಕೆ ಹೊರತಲ್ಲ. ಆಪರೇಶನ್ ಒಂದೆರಡು ತಾಸಿನ ಕೆಲಸ, ಆಸ್ಪತ್ರೆಯ ವಾಸ ಕೆಲವೇ ದಿನಗಳದು. ಆಮೇಲೆ ಬದುಕಿರುವಷ್ಟು ಕಾಲ ಅದನ್ನು ನಿಭಾಯಿಸಬೇಕಾದದ್ದು ಮಾತ್ರ ಇಲ್ಲಿಯ ಅಡುಗೆಮನೆಯಲ್ಲಿ, ಇಲ್ಲಿಯ ಸಂತೆಯಲ್ಲಿ, ಇಲ್ಲಿಯ ಮದುವೆ ಪಂಕ್ತಿಯಲ್ಲಿ, ಇಲ್ಲಿಯ ದವಾಖಾನೆಯಲ್ಲಿ. ಮನೆಗೆ ಹೊರಡುವಾಗ ಕೈಗೆ ಬರುವ ಆಹಾರಪಟ್ಟಿಯಲ್ಲಿ ಓಟ್ಸ್, ಬ್ರಾಕೊಲಿ, ಡಬ್ಬಿಯ ಪ್ರೋಟೀನ್ ಪುಡಿ ಇದ್ದರೆ, ಆ ಹಾಳೆ ಒಂದು ತಿಂಗಳಲ್ಲಿ ಕಪಾಟು ಸೇರುತ್ತದೆ. ಅದನ್ನು ಅಲ್ಲಿಟ್ಟವರನ್ನು ದೂರುವುದು ನ್ಯಾಯವಲ್ಲ. ಆಪರೇಶನ್ ನಂತರದ ಒಳ್ಳೆಯ ಊಟಕ್ಕೆ ಬೇಕಾದದ್ದರಲ್ಲಿ ಬಹುಪಾಲು ಈ ಸೀಮೆಯ ಅಡುಗೆಯಲ್ಲೇ ಇದೆ. ಬದಲಾಗಬೇಕಾದದ್ದು ತಾಟಿನಲ್ಲಿ ಯಾವುದು ಮೊದಲು, ಯಾವುದು ಕೊನೆಗೆ ಎಂಬ ಕ್ರಮ. ಅಡುಗೆಮನೆಯ ಕೈಗೆ ಎಟುಕದ ಕೆಲವು ಸಂಗತಿಗಳೂ ಇವೆ. ಅವನ್ನು ರೋಗಿಯ ಮನೋಬಲಕ್ಕೆ ಬಿಡದೆ ಮನೆಯವರು ಮತ್ತು ಊರಿನ ವೈದ್ಯರು ಹೊರಬೇಕು.

ಮೊದಲು ಒಂದು ಗೊಂದಲ ಕಳೆಯಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ತಮ್ಮ 21ನೇ ವಯಸ್ಸಿನಲ್ಲೇ ತೀರಿಕೊಂಡರು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಅಂಥ ಸೌಂದರ್ಯ ಚಿಕಿತ್ಸೆಯೇ ಬೇರೆ, ಬೇರಿಯಾಟ್ರಿಕ್ ಎನ್ನುವ ಶಸ್ತ್ರಚಿಕಿತ್ಸೆಯೇ ಬೇರೆ. ಎರಡನೆಯದು ಕೈಹಾಕುವುದು ಜಠರ ಮತ್ತು ಕರುಳಿಗೆ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವ ಕೊಳವೆ ಹಿಡಿಯುವುದು 100ರಿಂದ 150 ಮಿಲಿ ಲೀಟರು. ಹಸಿವನ್ನು ಎಬ್ಬಿಸುವ ಗ್ರೆಲಿನ್ ಹಾರ್ಮೋನು ಬಹುಮಟ್ಟಿಗೆ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲೇ, ಹಾಗಾಗಿ ಹಸಿವೂ ತಗ್ಗುತ್ತದೆ. ಬೈಪಾಸ್ ವಿಧಾನದಲ್ಲಿ ಸುಮಾರು 30 ಮಿಲಿ ಲೀಟರಿನ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ನಡುಭಾಗಕ್ಕೆ ಜೋಡಿಸುತ್ತಾರೆ. ಅನ್ನ ಈಗ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದೆ ಹೋಗುತ್ತದೆ. ಕಬ್ಬಿಣ ಮತ್ತು ಸುಣ್ಣದ (ಕ್ಯಾಲ್ಸಿಯಂ) ಅಂಶವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುವುದು ಆ ಮೊದಲ ಭಾಗದಲ್ಲೇ. ಮುಂದಿನ ತೊಂದರೆಗಳ ಬೇರು ಇಲ್ಲಿದೆ.

ಇದರಿಂದ ಪ್ರಯೋಜನ ಇಲ್ಲವೆನ್ನುವಂತಿಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಆದ 2,010 ಮಂದಿಯನ್ನು, ಆಗದ 2,037 ಮಂದಿಯೊಂದಿಗೆ ಹೋಲಿಸುತ್ತ ವರ್ಷಾನುಗಟ್ಟಲೆ ಬೆನ್ನುಹತ್ತಿತು. ಆಪರೇಶನ್ ಆದವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ಪ್ರಕಟವಾಯಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಶೇ 32ರಷ್ಟು ಇಳಿದಿತ್ತು. ಹತ್ತು ವರ್ಷ ಕಳೆಯುವಾಗ ಆ ಇಳಿಕೆ ಶೇ 25ಕ್ಕೆ ಬಂದು ನಿಂತಿತ್ತು. ಇದು ಸರಾಸರಿ. ಕೆಲವರು ಇಳಿಸಿದ್ದನ್ನು ಪೂರ್ತಿ ಉಳಿಸಿಕೊಂಡಿರುತ್ತಾರೆ, ಕೆಲವರು ಬಹಳಷ್ಟು ಕಳೆದುಕೊಂಡಿರುತ್ತಾರೆ. ಮೊದಲ ವರ್ಷದ ಇಳಿಕೆಯನ್ನು ಕತ್ತರಿ ಮಾಡಿಕೊಡುತ್ತದೆ, ಹತ್ತನೇ ವರ್ಷದ್ದನ್ನು ಊಟ ಮಾಡಿಕೊಡಬೇಕು. ಹೊಟ್ಟೆ ಚಿಕ್ಕದಾಗಿರುವ ಆ ಒಂದೆರಡು ವರ್ಷಗಳಲ್ಲಿ ಹೊಸ ರೂಢಿ ಬೇರೂರಬೇಕು. ಆಸ್ಪತ್ರೆಯ ಫೋನು ಬರುವುದು ನಿಂತು, ನೆಂಟರು ‘ಚಲೋ ಸೊರಗೀರಿ’ ಎಂದು ಹೊಗಳುವ ಹೊತ್ತಿಗೆ ಅದು ಬೇರೂರಿರದಿದ್ದರೆ ಮುಂದೆ ಕಷ್ಟ.

ಹಾಗಾದರೆ ಏನು ತಿನ್ನಬೇಕು? ವೈದ್ಯರು ಹೇಳುವ ಮುಖ್ಯ ಲೆಕ್ಕ ಒಂದೇ, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಅದು ಸಿಗದಿದ್ದರೆ ತೂಕದ ಜೊತೆ ಮಾಂಸಖಂಡವೂ ಕರಗುತ್ತದೆ, ಮೂರನೇ ನಾಲ್ಕನೇ ತಿಂಗಳಿಗೆ ಸಹಜವಾಗಿಯೇ ಉದುರುವ ಕೂದಲು ಇನ್ನಷ್ಟು ಉದುರುತ್ತದೆ, ಮೆಟ್ಟಿಲು ಹತ್ತಲು ಕಾಲು ಸೋಲುತ್ತವೆ. ಈಗ ಹಳಿಯಾಳದ ಒಂದು ಸಾಮಾನ್ಯ ತಾಟನ್ನು ನೋಡೋಣ: ಅನ್ನ, ಮೇಲೆ ಸಾರು, ಪಕ್ಕಕ್ಕೆ ಒಂದು ಚಮಚ ಪಲ್ಯ, ಉಪ್ಪಿನಕಾಯಿ. 100 ಗ್ರಾಂ ಅನ್ನದಲ್ಲಿರುವ ಪ್ರೋಟೀನ್ ಎರಡೂವರೆ–ಮೂರು ಗ್ರಾಂ. ಹೊಟ್ಟೆ ದೊಡ್ಡದಿದ್ದಾಗ ರಾಶಿ ಅನ್ನ ಉಂಡು ಹೇಗೋ ಸರಿದೂಗಿಸಬಹುದಿತ್ತು. ಒಂದು ಹೊತ್ತಿಗೆ 100–150 ಗ್ರಾಂ ಮಾತ್ರ ಇಳಿಯುವ ಹೊಟ್ಟೆಯನ್ನು ಅನ್ನವೇ ತುಂಬಿದರೆ ದಿನಕ್ಕೆ ಐದು ಸಲ ಉಂಡರೂ 20 ಗ್ರಾಂ ಮುಟ್ಟುವುದು ಕಷ್ಟ. ‘ಬೇಳೆ ಕಟ್ಟು ಕುಡಿದರೆ ಶಕ್ತಿ ಬರುತ್ತದೆ’ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಕಟ್ಟಿನಲ್ಲಿ ರುಚಿ ಇದೆ, ಉಪ್ಪಿದೆ, ಮೊದಲ ವಾರದ ದ್ರವಾಹಾರಕ್ಕೆ ಅದು ಒಳ್ಳೆಯದೂ ಹೌದು. ಆದರೆ ಪ್ರೋಟೀನ್ ಉಳಿದಿರುವುದು ತಳದ ಬೇಳೆಯಲ್ಲಿ. ತಾಟಿನಲ್ಲಿ ಚಮಚದಷ್ಟಿದ್ದ ಉಸಳಿ, ಝುಣಕ, ಗಟ್ಟಿ ಬೇಳೆ, ಮೊಟ್ಟೆ, ಮೀನು ನಡುವೆ ಬರಬೇಕು, ಮೊದಲ ತುತ್ತು ಅವುಗಳದಾಗಬೇಕು. ಅನ್ನಕ್ಕೋ ರೊಟ್ಟಿಗೋ ಜಾಗ ಉಳಿದರೆ ಕೊನೆಗೆ ಎರಡು ತುತ್ತು.

ಲೆಕ್ಕ ಕೂಡಿಸಿ ನೋಡಿದರೆ ಇದು ಆಗದ ಮಾತಲ್ಲ. ಎರಡು ಮೊಟ್ಟೆಗೆ 12 ಗ್ರಾಂ. ಕಾರವಾರ, ಅಂಕೋಲೆಯಿಂದ ಘಟ್ಟ ಹತ್ತಿ ಬರುವ ಬಂಗಡೆಯ ಒಂದು ತುಂಡಿಗೆ, ಬೇಯಿಸಿದ 75 ಗ್ರಾಂ ಎಂದಿಟ್ಟುಕೊಂಡರೆ, ಸುಮಾರು 15. ಚಿಕ್ಕ ಬಟ್ಟಲು ಗಟ್ಟಿ ತೊಗರಿಬೇಳೆಗೆ 7, ಅರ್ಧ ಬಟ್ಟಲು ಹೆಸರುಕಾಳು ಉಸಳಿಗೆ 5, ಲೋಟ ಹಾಲಿಗೆ 7, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ 7, ಒಂದು ಮುಷ್ಟಿ ಶೇಂಗಾಕ್ಕೆ 5. ಒಟ್ಟು 60ರ ಹತ್ತಿರಕ್ಕೆ ಬಂತು. ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಎಮ್ಮೆ ಸಾಕಿಕೊಂಡು ಬದುಕುವ ಗೌಳಿಗರಿದ್ದಾರೆ. ಹಾಲು ಮೊಸರಿಗೆ ಈ ಸೀಮೆಯಲ್ಲಿ ಬರವಿಲ್ಲ. ಎಮ್ಮೆ ಹಾಲಿನ ಕೆನೆ ತೆಗೆದು ಹೆಪ್ಪು ಹಾಕಿದರೆ ಸಾಕು. ಶಾಕಾಹಾರಿಗಳ ಮನೆಯಲ್ಲಿ ಮಾತ್ರ ಲೆಕ್ಕ ಬಿಗಿಯಾಗುತ್ತದೆ. ಮೊಟ್ಟೆ ಮೀನಿನ 27 ಗ್ರಾಂ ಬಿಟ್ಟು ಅದರ ಜಾಗಕ್ಕೆ 60 ಗ್ರಾಂ ಪನೀರು, 20 ಗ್ರಾಂ ಸೋಯಾ ಹಾಕಿದರೂ ಆರೇಳು ಗ್ರಾಂ ಕಡಿಮೆ ಬೀಳುತ್ತದೆ. ಜೊತೆಗೆ ಮೊದಲ ತಿಂಗಳುಗಳಲ್ಲಿ ಇಷ್ಟೆಲ್ಲ ತಿನ್ನಲು ಯಾರಿಗೂ ಆಗುವುದಿಲ್ಲ. ಆಗ ಪ್ರೋಟೀನ್ ಪುಡಿ ಬೇಕೇ ಬೇಕು. ಅದನ್ನು ವ್ಯಾಪಾರದ ತಂತ್ರವೆಂದು ತಳ್ಳಿಹಾಕುವವರು ರೋಗಿಗೆ ಅನ್ಯಾಯ ಮಾಡುತ್ತಾರೆ. ಆದರೆ ವರ್ಷಗಟ್ಟಲೆ ಡಬ್ಬಿಯ ಮೇಲೇ ನಿಂತ ಊಟ ಖರ್ಚಿಗೂ ಬಾಳದು, ನಾಲಿಗೆಗೂ ಬಾಳದು. ಡಬ್ಬಿಯಿಂದ ಉಸಳಿಗೆ ದಾಟುವ ದಾರಿಯನ್ನು ಆಹಾರಪಟ್ಟಿ ಬರೆಯುವವರು ಮೊದಲೇ ತೋರಿಸಿಕೊಡಬೇಕು.

ಇಲ್ಲಿ ಒಂದು ಆಕ್ಷೇಪ ಖಂಡಿತ ಬರುತ್ತದೆ: ನಮ್ಮದು ಜೋಳ, ರಾಗಿ, ಗೆಡ್ಡೆಗೆಣಸಿನ ನಾಡು, ಸಿರಿಧಾನ್ಯ ತಿಂದರೆ ಇದ್ಯಾವುದರ ಚಿಂತೆಯೂ ಬೇಡವಲ್ಲ? ಜೊಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸಿನ ವೈವಿಧ್ಯ ಬೆರಗು ಹುಟ್ಟಿಸುವಂಥದು, ಅದಕ್ಕಾಗಿ ಅಲ್ಲಿ ಮೇಳವೇ ನಡೆಯುತ್ತದೆ. ಆ ಬೇಸಾಯ ಉಳಿಯಬೇಕು. ಆದರೆ ಗೆಡ್ಡೆ ಮುಖ್ಯವಾಗಿ ಪಿಷ್ಟ. ಆಪರೇಶನ್ ಆದವರ ತಾಟಿನಲ್ಲಿ ಅದು ಅನ್ನದ ಸಾಲಿಗೇ ಸೇರಬೇಕು, ಕಾಳಿನ ಸಾಲಿಗಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಚಿಕ್ಕ ಹೊಟ್ಟೆಗೆ ಹಿಡಿಯುವ ಅಂಬಲಿಯಲ್ಲಿ ಬೀಳುವ ಹಿಟ್ಟು 30 ಗ್ರಾಂ ಎಂದುಕೊಂಡರೆ ದೊರೆಯುವುದು 100ರ ಆಸುಪಾಸು. ಬೇಕಾದದ್ದು ದಿನಕ್ಕೆ 1,200ರಿಂದ 1,500 ಮಿಲಿಗ್ರಾಂ; ಬೈಪಾಸ್ ಆದವರಲ್ಲಿ ಸಿಕ್ಕಿದ್ದನ್ನು ಹೀರಬೇಕಾದ ಕರುಳಿನ ಭಾಗವನ್ನೇ ಅದು ಮುಟ್ಟುವುದಿಲ್ಲ. ಜೋಳದ ವಿಷಯದಲ್ಲಿ ಈ ಸೀಮೆಯವರಿಗೆ ಒಂದು ಅನುಕೂಲವಿದೆ. ಮೆತ್ತನೆಯ ಚಪಾತಿ, ಮುದ್ದೆಯಾದ ಅನ್ನ ಎದೆಯ ಕೆಳಗೆ ಸಿಕ್ಕಿಕೊಂಡಂತಾಗುತ್ತದೆ ಎಂದು ನರಳುವವರಿಗೆ ಚೆನ್ನಾಗಿ ಅಗಿದು ತಿನ್ನುವ ಖಡಕ್ ರೊಟ್ಟಿ ಎಷ್ಟೋ ಸಲೀಸು. ನಮ್ಮ ಊಟದ ಹೆಮ್ಮೆ ಇರಲಿ, ಆದರೆ ಆ ಹೆಮ್ಮೆಯೇ ಮಾತ್ರೆಗೆ ಬದಲಿಯಾಗದು.

ಮಾತ್ರೆಯ ವಿಷಯಕ್ಕೇ ಬರೋಣ, ಯಾಕೆಂದರೆ ಹೆಚ್ಚಿನ ಅನಾಹುತ ನಡೆಯುವುದು ಇಲ್ಲೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15–49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಆಪರೇಶನ್‌ಗೆ ಹೋಗುವಾಗಲೇ ಅನೇಕ ಹೆಂಗಸರ ದೇಹದಲ್ಲಿ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಬಿ12 ಜೀವಸತ್ವವನ್ನು ಹೀರಿಕೊಳ್ಳಲು ಜಠರದ ಆಮ್ಲವೂ ಅಲ್ಲಿಂದಲೇ ಬರುವ ಇನ್ನೊಂದು ಅಂಶವೂ ಬೇಕು. ಆಪರೇಶನ್ ಎರಡನ್ನೂ ತಗ್ಗಿಸುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷಗಳ ಕಾಲ ತಡೆದೀತು. ಆದ್ದರಿಂದ ಪಾದ ಜೋಮು ಹಿಡಿಯುವುದು, ಮರೆವು, ಆಯಾಸ ಇವೆಲ್ಲ ಕಾಣಿಸುವ ಹೊತ್ತಿಗೆ ಆಪರೇಶನ್ ಹಳೆಯ ಮಾತಾಗಿರುತ್ತದೆ, ಎರಡಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ಡಿ ಜೀವಸತ್ವ, ಥಯಮಿನ್ (ಬಿ1 ಜೀವಸತ್ವ) ಇವು ಜೀವನಪರ್ಯಂತ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ತಾಸಿನ ಅಂತರ ಇರಬೇಕು. ಚಹಾ ಕೂಡ ಕಬ್ಬಿಣವನ್ನು ತಡೆಯುತ್ತದೆ. ಮಾತ್ರೆ ನುಂಗಿ ಕೂಡಲೇ ಚಹಾ ಕುಡಿಯುವ ರೂಢಿ ನಿಲ್ಲಬೇಕು. ‘ಊಟ ಚೆನ್ನಾಗಿದ್ದರೆ ಮಾತ್ರೆ ಯಾಕೆ’ ಎಂಬ ಪ್ರಶ್ನೆ ಉಳಿದವರ ಮಟ್ಟಿಗೆ ವಿವೇಕದ್ದು. ಇವರ ಮಟ್ಟಿಗೆ ಅದು ಅಪಾಯಕಾರಿ.

ಉಣ್ಣುವ ರೀತಿಯೂ ಬದಲಾಗಬೇಕು. ಮೊದಲು ತಿಳಿ ಗಂಜಿ, ನೀರು ಮಜ್ಜಿಗೆ. ಆಮೇಲೆ ನುಣ್ಣಗೆ ಅರೆದದ್ದು. ಆಮೇಲೆ ಮೆತ್ತಗೆ ಬೆಂದದ್ದು. ಒಂದೂವರೆ–ಎರಡು ತಿಂಗಳಿಗೆ ಸಾಮಾನ್ಯ ಊಟ. ಊಟದ ನಡುವೆ ನೀರು ಕುಡಿಯಬಾರದು, ಮುಗಿದು ಅರ್ಧ ತಾಸು ಕಳೆಯಬೇಕು. ಆದರೆ ದಿನಕ್ಕೆ ಒಂದೂವರೆ ಲೀಟರು ತಪ್ಪಬಾರದು. ಬೈಪಾಸ್ ಆದವರು ಕಬ್ಬಿನ ಹಾಲು, ಧಾರವಾಡ ಪೇಡೆ, ಬೆಳಗಾವಿ ಕುಂದಾ ಗಬಗಬನೆ ತಿಂದರೆ ಹತ್ತಿಪ್ಪತ್ತು ನಿಮಿಷದಲ್ಲಿ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ನುಲಿದು ಕುಸಿಯಬಹುದು. ಇದನ್ನು ಡಂಪಿಂಗ್ ಎನ್ನುತ್ತಾರೆ. ಇದಕ್ಕಿಂತ ಮೋಸದ್ದು ಬಾಯಾಡಿಸುವ ಚಟ. ಚುಡುವಾ, ಖಾರಾ, ಬಿಸ್ಕೀಟು, ಸಕ್ಕರೆ ಹಾಕಿದ ಚಹಾ ಯಾವುದೂ ಚಿಕ್ಕ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಸಲೀಸಾಗಿ ಜಾರಿಹೋಗುತ್ತವೆ. ಒಂದು ಬಟ್ಟಲು ಉಸಳಿಗೆ ಹೊಟ್ಟೆ ತುಂಬುವವರು ದಿನವಿಡೀ ಬಾಯಾಡಿಸುತ್ತ ಎರಡು ಊಟದಷ್ಟು ಶಕ್ತಿಯನ್ನು ಒಳಗೆ ಸೇರಿಸಬಲ್ಲರು. ಹಿಂತಿರುಗುವ ತೂಕ ಹೆಚ್ಚಾಗಿ ಈ ದಾರಿಯಲ್ಲೇ ಬರುತ್ತದೆ.

ಹೀಗೆಲ್ಲ ಇರುವುದಾದರೆ ಬಾಯಿ ಕಟ್ಟಿಕೊಂಡು ಮೊದಲೇ ತೂಕ ಇಳಿಸಬಹುದಿತ್ತಲ್ಲ, ಹೊಟ್ಟೆ ಕೊಯ್ಸಿಕೊಳ್ಳುವುದೇಕೆ ಎಂದು ಕೇಳುವವರಿದ್ದಾರೆ. ತೀವ್ರ ಬೊಜ್ಜಿನಲ್ಲಿ ದೇಹ ತೂಕ ಇಳಿದಂತೆ ಹಸಿವು ಹೆಚ್ಚಿಸಿ, ಶಕ್ತಿಯ ಖರ್ಚು ತಗ್ಗಿಸಿ ಹಳೆಯ ತೂಕಕ್ಕೇ ಎಳೆಯುತ್ತದೆ. ಆಪರೇಶನ್ ಈ ಎಳೆತವನ್ನು ಸಡಿಲಿಸುತ್ತದೆ, ಅದಕ್ಕೇ ಅದು ಫಲ ಕೊಡುವುದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಧುಮೇಹಿಗಳ ಮೇಲೆ ನಡೆದ ಅಧ್ಯಯನದ ಐದು ವರ್ಷದ ಫಲಿತಾಂಶ 2017ರಲ್ಲಿ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಅಂಕಿ 6 ಅಥವಾ ಅದಕ್ಕಿಂತ ಕೆಳಗಿಳಿದವರು ಬೈಪಾಸ್ ಆದವರಲ್ಲಿ ಶೇ 29, ಸ್ಲೀವ್ ಆದವರಲ್ಲಿ ಶೇ 23, ಬರೀ ಔಷಧದಲ್ಲಿದ್ದವರಲ್ಲಿ ಶೇ 5. ಮನೋಬಲವೊಂದೇ ಸಾಕಾಗಿದ್ದರೆ ಅಂಕಿಗಳ ನಡುವೆ ಇಷ್ಟು ಅಂತರ ಇರುತ್ತಿರಲಿಲ್ಲ. 2025ರಿಂದ ದೇಶದ ಮಾರುಕಟ್ಟೆಗೆ ಬಂದಿರುವ ತೂಕ ಇಳಿಸುವ ಮೌಂಜಾರೊ, ವೆಗೊವಿ ಚುಚ್ಚುಮದ್ದುಗಳು ಇರುವಾಗ ಕತ್ತರಿ ಯಾಕೆ ಎಂಬ ಪ್ರಶ್ನೆಗೆ ಬೆಲೆಯಿದೆ. ಕೆಲವರಿಗೆ ಅದೇ ಸರಿಯಾದ ದಾರಿಯಾದೀತು. ವೆಗೊವಿಯ ಮೂಲ ಔಷಧವಾದ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತ್ತು ಎಂಬುದನ್ನೂ ನೆನಪಿಡಬೇಕು. ಚುಚ್ಚುಮದ್ದಿನವರೂ ಕಡಿಮೆ ತಿನ್ನುತ್ತಾರೆ, ಅವರ ತಾಟಿನಲ್ಲೂ ಕಾಳು, ಮೊಟ್ಟೆ ಮೊದಲಿರಬೇಕು.

ಇದು ದುಡ್ಡಿದ್ದವರ ಪಾಡು, ಕಾಡಂಚಿನ ತಾಲ್ಲೂಕಿಗೆ ಇದರ ಚರ್ಚೆ ಯಾಕೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಹಸಿವು, ಅಪೌಷ್ಟಿಕತೆ ಇಲ್ಲಿಂದ ಹೋಗಿಲ್ಲ. ಆದರೆ ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಕರ್ನಾಟಕದ ಹೆಂಗಸರಲ್ಲಿ ಶೇ 30.1, ಗಂಡಸರಲ್ಲಿ ಶೇ 30.9 ಮಂದಿ ಅತಿತೂಕ ಅಥವಾ ಬೊಜ್ಜಿನವರು. ಅದರ ಹಿಂದಿನ ಸುತ್ತಿನಲ್ಲಿ ಇವು ಶೇ 23.3 ಮತ್ತು 22.1 ಇದ್ದವು. ಆರೋಗ್ಯ ವಿಮೆಯ ನಿಯಮಗಳೂ ಈಗ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಗಂಭೀರ ಕಾಯಿಲೆ ಇರುವವರಿಗೆ ಈ ಶಸ್ತ್ರಚಿಕಿತ್ಸೆಯ ಖರ್ಚು ಕೊಡಲು ಅವಕಾಶ ಮಾಡಿವೆ. ಕಾಗದದ ಕಾರ್ಖಾನೆಯ ನೌಕರ, ಶಾಲಾ ಶಿಕ್ಷಕಿ, ಕಬ್ಬು ಬೆಳೆಯುವ ರೈತ ಕೂಡ ಇನ್ನು ಈ ದಾರಿ ಹಿಡಿಯಬಹುದು. ಅವರು ಊರಿಗೆ ಮರಳಿದಾಗ ಊರು ತಯಾರಿರಬೇಕು.

ಮನೆ ತಯಾರಿರಬೇಕು ಎಂದರೆ ಏನು? ಆಪರೇಶನ್ ಆದದ್ದು ಮನೆಯ ಹೆಂಗಸಿಗಾದರೆ ಕಷ್ಟ ಇಮ್ಮಡಿ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂರುವವಳ ಪಾಲಿಗೆ ಉಸಳಿ, ಮೊಟ್ಟೆ ಮುಗಿದು ಅನ್ನ ಸಾರು ಉಳಿದಿರುತ್ತದೆ. ಕುಸ್ತಿಗೆ ಹೆಸರಾದ ಹಳಿಯಾಳದಲ್ಲಿ ಗರಡಿಗೆ ಹೋಗುವ ಹುಡುಗನ ಖುರಾಕಿಗಾಗಿ ಹಾಲು, ಮೊಟ್ಟೆ, ಬಾದಾಮಿಯನ್ನು ಇಡೀ ಮನೆ ಎತ್ತಿಡುತ್ತದೆ. ಈಕೆಯ ಪಾಲೂ ಹಾಗೆಯೇ ಎತ್ತಿಡಬೇಕಾದ ಖುರಾಕು. ಪಂಕ್ತಿಯಲ್ಲಿ ‘ಇನ್ನೊಂಚೂರು ಹಾಕ್ರಿ, ಏನೂ ಆಗಂಗಿಲ್ಲ’ ಎಂಬ ಒತ್ತಾಯ ಪ್ರೀತಿಯದೇ, ಆದರೆ ಇವರಿಗೆ ಒಂದು ತುತ್ತು ಹೆಚ್ಚಾದರೂ ವಾಂತಿ. ಗಂಡಸರ ವಿಷಯದಲ್ಲಿ ಮದ್ಯವನ್ನು ಮುಚ್ಚಿಟ್ಟು ಮಾತಾಡಲಾಗದು. ಬೈಪಾಸ್ ಆದವರ ರಕ್ತಕ್ಕೆ ಮದ್ಯ ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ. ಅಮೆರಿಕದಲ್ಲಿ ಸುಮಾರು 2,000 ರೋಗಿಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯದ ಸಮಸ್ಯೆ ಇದ್ದವರು ಆಪರೇಶನ್‌ಗೆ ಮೊದಲು ಶೇ 7.6, ಎರಡನೇ ವರ್ಷಕ್ಕೆ ಶೇ 9.6.

ಊರಿನ ದವಾಖಾನೆಯ ಮಾತು ಇನ್ನೂ ಮುಖ್ಯ. ನಮ್ಮ ಕಡೆ ಸುಸ್ತು, ವಾಂತಿ ಎಂದರೆ ಮೊದಲು ‘ಸಲಾಯಿನ್ ಹಚ್ಚಿಸೋಣ’ ಎನ್ನುತ್ತಾರೆ. ಆಪರೇಶನ್ ಆಗಿ ವಾರಗಟ್ಟಲೆ ವಾಂತಿ ಮಾಡಿಕೊಂಡವರ ದೇಹದಲ್ಲಿ ಥಯಮಿನ್ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಬಾಟಲಿ ಏರಿಸಿದರೆ ಇದ್ದ ಅಲ್ಪಸ್ವಲ್ಪವೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು: ಕಣ್ಣು ಹೊರಳದು, ನಡಿಗೆ ತಪ್ಪುತ್ತದೆ, ನೆನಪು ಕೆಡುತ್ತದೆ. ಮೊದಲು ಥಯಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್. ಬೈಪಾಸ್ ಆದವರು ಮೈಕೈ ನೋವಿಗೆಂದು ಅಂಗಡಿಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಂಡು ನುಂಗಿದರೆ ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು; ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳುವುದು ಮೇಲು. ಗರ್ಭಧಾರಣೆಯನ್ನು ಒಂದರಿಂದ ಒಂದೂವರೆ ವರ್ಷ ಮುಂದೂಡಬೇಕು. ಬೈಪಾಸ್ ಆದ ಗರ್ಭಿಣಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಹೊಂದುವುದಿಲ್ಲ, ಡಂಪಿಂಗ್ ಆಗಬಹುದು. ಬರಿಹೊಟ್ಟೆಯಲ್ಲಿ ಮತ್ತು ಊಟದ ನಂತರ ಕೆಲವು ದಿನ ರಕ್ತದ ಸಕ್ಕರೆ ನೋಡುವುದೇ ಅಲ್ಲಿಯ ದಾರಿ.

2022ರ ಜುಲೈನಲ್ಲಿ ಉತ್ತರ ಕನ್ನಡದ ಜನ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು, ಇಲ್ಲದಿದ್ದರೆ ಮತವಿಲ್ಲವೆಂದು ಜಾಲತಾಣಗಳಲ್ಲಿ ದನಿಯೆತ್ತಿದರು. ಆ ಬೇಡಿಕೆ ನ್ಯಾಯದ್ದು. ಆದರೆ ಮೇಲೆ ಹೇಳಿದ ಯಾವುದಕ್ಕೂ ದೊಡ್ಡ ಆಸ್ಪತ್ರೆ ಕಟ್ಟುವವರೆಗೆ ಕಾಯಬೇಕಿಲ್ಲ. ಥಯಮಿನ್ ಅಗ್ಗದ ಔಷಧ. ಬಿ12 ಚುಚ್ಚುಮದ್ದನ್ನು ಉಪಕೇಂದ್ರದ ದಾದಿಯೂ ಕೊಡಬಲ್ಲರು. ಬಿ12, ಡಿ ಪರೀಕ್ಷೆಯ ರಕ್ತ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗಬೇಕಾಗಿ ಬಂದರೂ ಅದನ್ನು ತೆಗೆದು ಕಳಿಸುವುದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬಹುದು. ಮೊದಲ ವರ್ಷ ಮೂರ್ನಾಲ್ಕು ಸಲ, ಆಮೇಲೆ ವರ್ಷಕ್ಕೊಮ್ಮೆ. ಆಪರೇಶನ್ ಮಾಡುವ ಆಸ್ಪತ್ರೆಗಳು ಪ್ರತಿ ರೋಗಿಯ ಕೈಗೆ ಕನ್ನಡದಲ್ಲಿ ಒಂದು ಚೀಟಿ ಕೊಡಲಿ. ಯಾವ ಆಪರೇಶನ್, ಯಾವ ದಿನ, ಯಾವ ಮಾತ್ರೆ ಬೇಕು, ಯಾವ ನೋವಿನ ಮಾತ್ರೆ ಬೇಡ, ಗ್ಲೂಕೋಸ್‌ಗೆ ಮೊದಲು ಥಯಮಿನ್ ಎಂಬಿಷ್ಟು ಅದರಲ್ಲಿರಲಿ. ಗರ್ಭಿಣಿಯಾದಾಗ ಅದೇ ಮಾಹಿತಿ ತಾಯಿ ಕಾರ್ಡಿನ ಮೊದಲ ಪುಟಕ್ಕೆ ಬರಲಿ. ಅಂಥದೇ ಒಂದು ಪ್ರತಿ ಊರಿನ ವೈದ್ಯರಿಗೂ ಹೋಗಲಿ, ಮುಂಡಗೋಡದ ಟಿಬೆಟನ್ ಶಿಬಿರದ ಆಸ್ಪತ್ರೆಗೆ ಟಿಬೆಟನ್ ಭಾಷೆಯಲ್ಲಿ, ಹಳಿಯಾಳದ ಮರಾಠಿ ಮನೆಗಳಿಗೆ ಮರಾಠಿಯಲ್ಲಿ.